ಮೊಗ್ಗು ಕಾಯುತ್ತಾ ಕೂತಿರುತ್ತದೆ

ಎಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳಲ್ಲಿ ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ನೆಂಟರಿಗೆ ಫೋನ್ ಮಾಡಿ ನೋಡಿ. ಊಟ ಆಯ್ತಾ ಅನ್ನುವ ಮೊದಲೇ ‘ನಿಮ್ಮ ಕಡೆ ಮಳೆ ಎಷ್ಟಾಯ್ತು’ ಅಂತ ಕೇಳುತ್ತಾರೆ. ಎಂಬತ್ತು ಸೆಂಟ್, ಒಂದು ಇಂಚು ಹತ್ತು ಸೆಂಟ್, ಹೀಗೆ ಲೆಕ್ಕ. ಇಂಚಿನ ನೂರರಲ್ಲಿ ಒಂದು ಪಾಲಿಗೆ ಸೆಂಟ್ ಅನ್ನುತ್ತಾರೆ. ಅಷ್ಟು ಸೂಕ್ಷ್ಮವಾಗಿ ಯಾಕೆ ಅಳೆಯಬೇಕು? ಒಂದು ಇಂಚು ಸುರಿದರೆ ಕಾಫಿ ತೋಟ ಪೂರ್ತಿ ಹೂವಾಗುತ್ತದೆ. ಕಾಲು ಇಂಚು ಬಂದು ನಿಂತುಬಿಟ್ಟರೆ ಮೊಗ್ಗು ಅರ್ಧಕ್ಕೆ ಎದ್ದು, ಅರಳಲಾರದೆ, ಹಸಿರು ನಕ್ಷತ್ರದ ಹಾಗೆ ಸೊರಗಿ ನಿಲ್ಲುತ್ತದೆ. ವರ್ಷದ ಫಸಲು ಅಲ್ಲೇ ಕೈ ಬಿಟ್ಟಿತು.

ಇವತ್ತು ನಾನು ಹೇಳಬೇಕು ಅಂದುಕೊಂಡಿದ್ದು ಈ ಮೊಗ್ಗಿನ ವಿಷಯ. ಗಿಡ, ಪ್ರಾಣಿ ತಮ್ಮ ಸುತ್ತಲಿಗೆ ಸ್ಪಂದಿಸುತ್ತವೆ ಅಂದಾಗ ನಮಗೆ ತಟ್ಟನೆ ನೆನಪಾಗುವುದು ಮುಟ್ಟಿದರೆ ಮುನಿ. ಮುಟ್ಟಿದೆವು, ಮುದುಡಿತು, ಮುಗಿಯಿತು. ಆದರೆ ಹೆಚ್ಚಿನ ಜೀವಿಗಳ ಸ್ಪಂದನೆ ಆ ಕ್ಷಣದ್ದಲ್ಲ. ತಿಂಗಳುಗಟ್ಟಲೆ ಮೊದಲೇ ಒಳಗೊಳಗೆ ತಯಾರಾಗಿ, ಒಂದೇ ಒಂದು ಗುರುತಿಗಾಗಿ ಕಾದಿರುತ್ತವೆ. ಈ ಕಾಯುವುದನ್ನು ನಾವು ಅಷ್ಟಾಗಿ ಗಮನಿಸುವುದೇ ಇಲ್ಲ.

ಕಾಫಿ ಮೊಗ್ಗು ಮಳೆಗಾಲ ಕಳೆದ ಮೇಲೆ ಕೆಲವು ಮಿಲಿಮೀಟರಿನಷ್ಟು ಬೆಳೆದು ನಿಂತುಬಿಡುತ್ತದೆ. ಆಮೇಲೆ ಬಿಸಿಲು. ಮಣ್ಣು ಒಣಗುತ್ತದೆ, ಮಧ್ಯಾಹ್ನ ಎಲೆ ಜೋಲುತ್ತದೆ. ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ. ಆದರೆ ಆ ಒಣಗುವಿಕೆ ಮೊಗ್ಗಿಗೆ ಬೇಕೇ ಬೇಕು. ಪೌಲೊ ಆಲ್ವಿಮ್ ಎಂಬ ವಿಜ್ಞಾನಿ ಪೆರುವಿನಲ್ಲಿ ಕಾಫಿ ಗಿಡಗಳ ಮೇಲೆ ಪ್ರಯೋಗ ಮಾಡಿ 1960ರಲ್ಲಿ ತೋರಿಸಿದ್ದು ಇದನ್ನೇ: ತಪ್ಪದೆ ನೀರು ಕುಡಿದ ಗಿಡಗಳ ಮೊಗ್ಗು ಮಲಗೇ ಇತ್ತು, ಬಾಯಾರಿ ಆಮೇಲೆ ನೀರು ಕಂಡ ಗಿಡಗಳು ಹೂ ಬಿಟ್ಟವು. ಮೊದಲು ಬರ, ಆಮೇಲೆ ಮಳೆ. ಈ ಎರಡೂ ಇದೇ ಸಾಲಿನಲ್ಲಿ ಬಂದರೆ ಮಾತ್ರ ಮೊಗ್ಗು ನಂಬುತ್ತದೆ. ನೀರು ಮೇಲೇರಿ, ಜಿಬ್ಬೆರೆಲಿನ್ ಎಂಬ ಹಾರ್ಮೋನು ಹೆಚ್ಚಿ, ರೊಬಸ್ಟಾ ಜಾತಿಯ ಕಾಫಿ ಏಳೆಂಟು ದಿನಕ್ಕೆ, ಅರೇಬಿಕಾ ಜಾತಿಯದ್ದು ಒಂಬತ್ತು ಹತ್ತು ದಿನಕ್ಕೆ, ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಮಲ್ಲಿಗೆಯ ಹಾಗಿನ ಆ ಘಮ ರಸ್ತೆಯಲ್ಲಿ ಹೋಗುವ ಬಸ್ಸಿನೊಳಕ್ಕೂ ಬರುತ್ತದೆ. ನಾನು ಚಿಕ್ಕವನಿದ್ದಾಗಿಂದ ಪ್ರತಿ ವರ್ಷ ನೋಡಿದ್ದೇನೆ, ಇವತ್ತಿಗೂ ಆ ಬೆಳಿಗ್ಗೆ ಬಾಗಿಲು ತೆಗೆದಾಗ ಮೈ ಜುಮ್ ಅನ್ನುತ್ತದೆ.

ಎಲ್ಲ ಗಿಡವೂ ಒಟ್ಟಿಗೇ ಯಾಕೆ ಅರಳಬೇಕು? ಹೂವಿನ ಆಯುಸ್ಸು ಎರಡು ಮೂರು ದಿನ ಅಷ್ಟೇ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಪಕ್ಕದ ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಅಕ್ಕಪಕ್ಕದವರು ಒಟ್ಟಿಗೆ ಅರಳದಿದ್ದರೆ ಎಲ್ಲರಿಗೂ ನಷ್ಟ. ಆ ಹೊತ್ತಿಗೆ ಸರಿಯಾಗಿ ಹೆಜ್ಜೇನು ಬರುತ್ತದೆ. ಹೂವಿನ ಕಾಲ ನೋಡಿಕೊಂಡು ಊರಿಂದೂರಿಗೆ ಹೋಗುವ ಜೇನು ಅದು, ಅದರದ್ದೂ ಒಂದು ಲೆಕ್ಕ ಇರುತ್ತದೆ.

ಎಲ್ಲರೂ ಮಳೆಯನ್ನೇ ನೋಡುತ್ತಾರೆ ಅಂತಲ್ಲ. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಸೇವಂತಿಗೆ ಹೊಲ. ಸೇವಂತಿಗೆ ಅಳೆಯುವುದು ಕತ್ತಲನ್ನು. ರಾತ್ರಿ ಉದ್ದವಾದರೆ ಮೊಗ್ಗು ಬಿಡುತ್ತದೆ. ಗಿಡ ಇನ್ನೂ ಚಿಕ್ಕದಿರುವಾಗಲೇ ಹೂ ಬಿಟ್ಟರೆ ಕೊಂಬೆಯೇ ಇರುವುದಿಲ್ಲ, ಅದಕ್ಕೆ ರೈತರು ಬಲ್ಬು ಹಾಕಿ ರಾತ್ರಿಯನ್ನು ತುಂಡು ಮಾಡುತ್ತಾರೆ. ಗಿಡ ಇನ್ನೂ ಬೇಸಿಗೆ ಅಂತ ತಿಳಿದು ಬೆಳೆಯುತ್ತಾ ಹೋಗುತ್ತದೆ. ಎಂಥಾ ಜಾಣತನ ಅಲ್ವಾ! ನಮ್ಮ ಹಳೇ ಭತ್ತದ ತಳಿಗಳಲ್ಲೂ ಹಲವು ಹೀಗೇ. ನಾಟಿ ಸ್ವಲ್ಪ ಹಿಂದೆ ಮುಂದೆ ಆದರೂ ಹಗಲು ಕಿರಿದಾಗುವ ಹೊತ್ತಿಗೇ ತೆನೆ ಹಾಕುತ್ತವೆ.

ಮುಟ್ಟಿದರೆ ಮುನಿಯನ್ನೂ ಹಗುರವಾಗಿ ನೋಡಬೇಡಿ. ಎಲೆಯ ಬುಡದಲ್ಲಿ ಒಂದು ಸಣ್ಣ ಗಂಟಿದೆ. ಮುಟ್ಟಿದಾಗ ವಿದ್ಯುತ್ ಸಂಕೇತ ಅಲ್ಲಿಗೆ ಓಡುತ್ತದೆ, ಒಂದು ಬದಿಯ ಕೋಶಗಳಿಂದ ನೀರು ಆಚೆ ಹೋಗುತ್ತದೆ, ಎಲೆ ಕುಸಿಯುತ್ತದೆ. ಜಗದೀಶಚಂದ್ರ ಬೋಸ್ ಇದೇ ಗಿಡ ಇಟ್ಟುಕೊಂಡು ವರ್ಷಗಟ್ಟಲೆ ಕೆಲಸ ಮಾಡಿದರು. ಅವರಿಗಿಂತ ಬಹಳ ಹಿಂದೆ, 1729ರಲ್ಲಿ, ಫ್ರಾನ್ಸಿನ ದ ಮೇರಾನ್ ಎಂಬ ವಿಜ್ಞಾನಿ ಆ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಸೂರ್ಯ ಕಾಣದಿದ್ದರೂ ಅದು ಹಗಲಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಗೆ ಮಡಿಸುತ್ತಿತ್ತು. ಗಡಿಯಾರ ಒಳಗೇ ಇತ್ತು! 2014ರಲ್ಲಿ ಮೋನಿಕಾ ಗ್ಯಾಗ್ಲಿಯಾನೊ ಮತ್ತು ಸಂಗಡಿಗರು ಕುಂಡವನ್ನು ಹದಿನೈದು ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದರು. ಕೆಲವು ಸಲ ಆದ ಮೇಲೆ ಗಿಡ ಮುದುಡುವುದನ್ನೇ ಬಿಟ್ಟಿತು. ಸುಸ್ತಾಗಿತ್ತೇನೋ ಅಂತ ಬೇರೆ ರೀತಿಯಲ್ಲಿ ಅಲ್ಲಾಡಿಸಿದರೆ ತಕ್ಷಣ ಮುದುಡಿತು. ಇದನ್ನು ಕಲಿಕೆ ಅನ್ನಬಹುದಾ ಅಂತ ವಿಜ್ಞಾನಿಗಳಲ್ಲಿ ಜಗಳವೇ ಇದೆ. ನನಗೆ ಮಾತ್ರ ಹೆಸರಿನ ಜಗಳಕ್ಕಿಂತ, ಬೇಡದ್ದಕ್ಕೆ ಸ್ಪಂದಿಸದೆ ಸುಮ್ನೆ ಇರುವುದನ್ನೂ ಗಿಡ ಬಲ್ಲದು ಅನ್ನುವುದೇ ದೊಡ್ಡ ಮಾತಾಗಿ ಕಾಣುತ್ತದೆ.

ಪ್ರಾಣಿಗಳಲ್ಲೂ ಇದೇ ಕಾಯುವಿಕೆ. ರೆಕ್ಕೆಯ ಗೆದ್ದಲುಗಳು ಹುತ್ತದೊಳಗೆ ಮೊದಲೇ ಬೆಳೆದು ನಿಂತಿರುತ್ತವೆ. ಮಣ್ಣು ನೆನೆದು ಮೆತ್ತಗಾದ ಸಂಜೆ ಸುತ್ತಲಿನ ಹುತ್ತಗಳಿಂದ ಒಟ್ಟಿಗೆ ಹೊರಬರುತ್ತವೆ. ಬೇರೆ ಗೂಡಿನ ಜೋಡಿ ಸಿಗಬೇಕು, ಗೂಡು ತೋಡಲು ಮಣ್ಣು ಹದವಾಗಿರಬೇಕು. ಹಕ್ಕಿ, ಹಲ್ಲಿ, ಕಪ್ಪೆ ಎಲ್ಲವೂ ಹೊಟ್ಟೆ ಬಿರಿಯ ತಿಂದರೂ ಒಂದಿಷ್ಟು ಉಳಿಯುತ್ತವೆ. ಅದೇ ಮಳೆಗೆ ದೊಡ್ಡ ಗೋಂಕರುಕಪ್ಪೆಯ ಗಂಡು ಅರಿಶಿನ ಬಳಿದುಕೊಂಡ ಹಾಗೆ ಹಳದಿಯಾಗಿ ಗದ್ದೆಯಲ್ಲಿ ಕೂಗುತ್ತಾ ಕೂರುತ್ತದೆ.

ಈಗ ನನ್ನ ಸಂಕಟ ಹೇಳುತ್ತೇನೆ. ಮಳೆಯನ್ನು ನಂಬಿದವರಿಗೂ, ಹಗಲು ರಾತ್ರಿಯನ್ನು ನಂಬಿದವರಿಗೂ ನಡುವೆ ತಾಳ ತಪ್ಪಬಹುದು. ಹಗಲಿನ ಉದ್ದದ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ, ಮಳೆಯದ್ದು ಬದಲಾಗುತ್ತದೆ. ಜನವರಿಯಲ್ಲೇ ಒಂದು ಜೋರು ಮಳೆ ಬಂದರೆ ರೊಬಸ್ಟಾ ಗಿಡದಲ್ಲಿ ಹಣ್ಣು ಇನ್ನೂ ಇರುವಾಗಲೇ ಹೂ ಬರುತ್ತದೆ. ಹಣ್ಣು ಕುಯ್ಯಲು ಹೋದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ಉದುರುತ್ತದೆ. ಹೂವಾದ ದಿನವೇ ಮತ್ತೆ ಮಳೆ ಹೊಡೆದರೆ ಪರಾಗ ತೊಳೆದು ಹೋಗುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ಮೂರು ಸಲ ಹೂವಾಗಿ, ಕುಯಿಲು ಮುಗಿಯುವುದೇ ಇಲ್ಲವೇನೋ ಅನ್ನಿಸಿತ್ತು. ಸ್ಪ್ರಿಂಕ್ಲರ್ ಇದ್ದವರು ಹೇಗೋ ಸುಧಾರಿಸುತ್ತಾರೆ. ಜೇನಿಗೆ ಯಾವ ಸ್ಪ್ರಿಂಕ್ಲರ್ ಇದೆ ಹೇಳಿ.

ಅದಕ್ಕೇ ಒಂದು ಕೋರಿಕೆ. ತೋಟದ ಹಳೇ ಮಳೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಇಂಚು, ಸೆಂಟಿನ ಪಕ್ಕ ಹೂವಾದ ದಿನವನ್ನೂ ಬರೆಯಿರಿ. ತೋಟ ಇಲ್ಲದವರು ಬೀದಿಯ ಒಂದು ಹೊಂಗೆ ಮರವನ್ನೋ ಮಾವಿನ ಮರವನ್ನೋ ಆರಿಸಿಕೊಳ್ಳಿ. ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮ ಇದೆ, ಶಾಲೆಯ ಮಕ್ಕಳೂ ಸೇರಬಹುದು. ವಾರಕ್ಕೊಮ್ಮೆ ಅದೇ ಮರದ ಹತ್ತಿರ ಹೋಗಿ ಚಿಗುರು ಬಂತಾ, ಹೂ ಬಂತಾ, ಕಾಯಿ ಬಂತಾ ಅಂತ ಬರೆದು ಕಳಿಸಿದರೆ ಸಾಕು. ನಾನು ನಮ್ಮ ಮನೆ ಮುಂದಿನ ಮಾವಿನ ಮರದಿಂದ ಶುರು ಮಾಡಿದ್ದೇನೆ.