ಏಳನೇ ನಂಬರಿನ ಹ್ಯಾಟು

ಪರದೆಯ ಮೇಲೆ ಈಗ ಕಾಣುತ್ತಿರುವ ಕಂದು ಬಣ್ಣದ ಫೆಲ್ಟ್ ಹ್ಯಾಟನ್ನು ಕಳೆದ ನವೆಂಬರಿನಲ್ಲಿ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ತಂದೆ. ಹಿತ್ತಾಳೆಯ ಹಡಗುದೀಪಗಳು ಮತ್ತು ಕಹಳೆ ಕಳಚಿದ ಗ್ರಾಮಫೋನುಗಳ ಅಡಿಯಲ್ಲಿ ಅದು ಅಪ್ಪಚ್ಚಿಯಾಗಿ ಬಿದ್ದಿತ್ತು. ಅಂಗಡಿಯವರು ಹೇಳಿದ್ದು 1,500 ರೂಪಾಯಿ, ನಾನು ಕೊಟ್ಟದ್ದು 600. ಟೋಪಿ ಹಾಕುವುದು ಎಂದರೆ ನಮ್ಮ ಭಾಷೆಯಲ್ಲಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಈ ವ್ಯಾಪಾರದಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು ಎಂಬುದು ಮಾಟುಂಗಾದ ಮನೆಗೆ ಬಂದು ಅಳತೆಯ ಟೇಪು ಹಿಡಿಯುವ ತನಕ ನನಗೂ ತಿಳಿದಿರಲಿಲ್ಲ.

ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತೇನೆ. ಹ್ಯಾಟಿನ ಒಳಗೆ, ಹಣೆಗೆ ತಾಗುವ ಜಾಗದಲ್ಲಿ ಸುತ್ತಲೂ ಒಂದು ಚರ್ಮದ ಪಟ್ಟಿ ಇರುತ್ತದೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಒತ್ತಿದ್ದ ತಯಾರಕರ ಹೆಸರು ಬೆವರಿಗೆ ಅಳಿಸಿಹೋಗಿ, ಲಂಡನ್ ಎಂಬ ಊರಿನ ಹೆಸರು ಮಾತ್ರ ಉಳಿದಿದೆ. ಪಟ್ಟಿಯನ್ನು ಮಗುಚಿದರೆ ಹಿಂಬದಿಯಲ್ಲಿ ಅಂಟಿಸಿದ ಸಣ್ಣ ಕಾಗದದಲ್ಲಿ 7 ಎಂಬ ಅಂಕಿ. ಬ್ರಿಟಿಷ್ ಲೆಕ್ಕದಲ್ಲಿ 7 ಎಂದರೆ ಸುಮಾರು 57 ಸೆಂಟಿಮೀಟರ್ ಸುತ್ತಳತೆ. ಅದೇ ತಲೆಗೆ ಅಮೆರಿಕದವರು ಏಳು ಮತ್ತು ಎಂಟನೇ ಒಂದು ಎನ್ನುತ್ತಾರೆ. ನನ್ನ ತಲೆಯೂ 57. ಆದರೆ ಟೇಪು ತೋರಿಸಿದ್ದು 55! ಕಾಗದ ಸುಳ್ಳು ಹೇಳಿರಲಿಲ್ಲ. ಒಳಗಿನ ಚರ್ಮ ವರ್ಷಗಟ್ಟಲೆ ಎಣ್ಣೆಯ ಅಂಶವಿಲ್ಲದೆ ಒಣಗಿ ಕುಗ್ಗುತ್ತ, ತನಗೆ ಹೊಲಿದಿದ್ದ ಫೆಲ್ಟನ್ನೂ ಒಳಕ್ಕೆ ಎಳೆದುಕೊಂಡುಬಿಟ್ಟಿತ್ತು. ಹಳೆಯ ಹ್ಯಾಟು ಕೊಳ್ಳುವಾಗ ಒಳಗಿನ ನಂಬರನ್ನು ನಂಬದೆ ಟೇಪು ಕೊಂಡೊಯ್ಯಬೇಕೆಂಬುದು ನನಗೆ ಗೊತ್ತಿದ್ದ ಸಂಗತಿಯೇ. ಅಂದು ಚೌಕಾಸಿಯ ಹುಮ್ಮಸ್ಸಿನಲ್ಲಿ ಮರೆತಿದ್ದೆ.

ಇನ್ನು ಇದರ ಕಾಲ. ಅಂಚಿನ ಅಗಲ ಐದು ಸೆಂಟಿಮೀಟರಿಗಿಂತ ಕಡಿಮೆ, ರಿಬ್ಬನ್ ಎರಡು ಬೆರಳಿಗೂ ಕಿರಿದು. 1940ರ ದಶಕದ ಹ್ಯಾಟುಗಳಿಗೆ ಅಗಲವಾದ ಅಂಚು, ಅಗಲವಾದ ರಿಬ್ಬನ್ ಇರುತ್ತಿದ್ದವು. 1960ರ ಸುಮಾರಿಗೆ ಕೋಟಿನ ಕಾಲರು, ಟೈ ಎಲ್ಲವೂ ಸಪೂರವಾದಾಗ ಹ್ಯಾಟಿನ ಅಂಚೂ ಜೊತೆಗೆ ಕಿರಿದಾಯಿತು. ಹೀಗಾಗಿ ಇದು 1960ರ ಆಸುಪಾಸಿನದು ಎಂದು ತೀರ್ಮಾನಿಸಿದೆ.

ಈ ತೀರ್ಮಾನ ಬರಿಯ ಕುತೂಹಲಕ್ಕಲ್ಲ, ಅದರ ಹಿಂದೆ ಆರೋಗ್ಯದ ಪ್ರಶ್ನೆಯೊಂದಿದೆ. ಅದನ್ನು ಹೇಳುವ ಮೊದಲು ಫೆಲ್ಟ್ ಎಂದರೇನೆಂದು ಹೇಳಬೇಕು. ನಮ್ಮ ಕುರುಬರು ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡುವ ಕಂಬಳಿಯಲ್ಲಿ ಹಾಸು ಹೊಕ್ಕು ಇರುತ್ತವೆ. ಫೆಲ್ಟಿನಲ್ಲಿ ನೇಯ್ಗೆಯೇ ಇಲ್ಲ. ಪ್ರಾಣಿಯ ರೋಮದ ಮೈಮೇಲೆ, ಮಂಗಳೂರು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದಂಥ ಅತಿ ಸೂಕ್ಷ್ಮ ಹುರುಪೆಗಳಿರುತ್ತವೆ. ಬಿಸಿ, ತೇವ ಮತ್ತು ಒತ್ತಡ ಮೂರೂ ಕೂಡಿದಾಗ ಪ್ರತಿಯೊಂದು ರೋಮವೂ ತನ್ನ ಬುಡದ ದಿಕ್ಕಿಗೆ ಮಾತ್ರ ಜರುಗುತ್ತದೆ, ಹಿಂದಕ್ಕೆ ಬರಲು ಹುರುಪೆಗಳು ಬಿಡುವುದಿಲ್ಲ. ಹೀಗೆ ಜರುಗಿ ಜರುಗಿ ರೋಮಗಳು ಒಂದಕ್ಕೊಂದು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದು ಅದು ಮಗುವಿನ ಅಳತೆಗೆ ಇಳಿದದ್ದನ್ನು ಕಂಡವರು ಈ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದಾರೆ. ಅಗ್ಗದ ಹ್ಯಾಟುಗಳು ಕುರಿಯ ಉಣ್ಣೆಯವು, ಒಂದು ಮಳೆಗೆ ಜೋತುಬೀಳುತ್ತವೆ. ಒಳ್ಳೆಯವು ಮೊಲದ ಅಥವಾ ಬೀವರ್ ಎಂಬ ನೀರುಪ್ರಾಣಿಯ ಒಳರೋಮದವು. ತಮ್ಮ ಮೆಲ್ಬರ್ನಿನಿಂದ ತಂದುಕೊಟ್ಟ, ಅಕುಬ್ರಾ ಎಂಬ ಆಸ್ಟ್ರೇಲಿಯಾದ ಕಂಪನಿಯ ಹೊಸ ಹ್ಯಾಟು ನನ್ನ ಬಳಿ ಇದೆ. ಅದು ಮೊಲದ ರೋಮದ್ದು, ನೀರು ಅದರ ಮೇಲೆ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ.

ಮೊಲದ ರೋಮ ತಾನಾಗಿಯೇ ಸುಲಭವಾಗಿ ಹೆಣೆದುಕೊಳ್ಳುವುದಿಲ್ಲ. ಆದ್ದರಿಂದ ಹಿಂದೆ ಅದಕ್ಕೆ ಪಾದರಸದ ನೈಟ್ರೇಟ್ ದ್ರಾವಣ ಸವರಿ ಹುರುಪೆಗಳನ್ನು ಎಬ್ಬಿಸುತ್ತಿದ್ದರು. ಒಣಗಿದಾಗ ರೋಮದ ತುದಿ ಕಿತ್ತಳೆ ಬಣ್ಣಕ್ಕೆ ತಿರುಗುವುದರಿಂದ ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ಗಜ್ಜರಿಯ ಹೆಸರೇ ಬಂದಿತ್ತು. ಆ ಹಬೆಯನ್ನು ದಿನವಿಡೀ ಉಸಿರಾಡಿದ ಕಾರ್ಮಿಕರ ನರಗಳು ಕೆಟ್ಟು ಕೈಕಾಲು ನಡುಗುತ್ತಿದ್ದವು. ಅಮೆರಿಕದ ಹ್ಯಾಟಿನ ಊರಾದ ಡ್ಯಾನ್ಬರಿಯಲ್ಲಿ ಆ ನಡುಕಕ್ಕೆ ಊರಿನ ಹೆಸರನ್ನೇ ಇಟ್ಟಿದ್ದರು. ಅಲ್ಲಿ ಈ ಪದ್ಧತಿಗೆ ತಡೆ ಬಿದ್ದದ್ದು 1941ರ ಡಿಸೆಂಬರಿನಲ್ಲಿ. ಹಳೆಯ ಹ್ಯಾಟಿನಲ್ಲಿ ಪಾದರಸದ ಅಂಶ ಇನ್ನೂ ಉಳಿದಿರಬಹುದು. ಹಾಗಾಗಿ ಆ ಕಾಲದ್ದೆಂಬ ಅನುಮಾನ ಬಂದ ಯಾವ ಹ್ಯಾಟಿಗೂ ನಾನು ಹಬೆ ಹಿಡಿಯುವುದಿಲ್ಲ, ಮರಳು ಕಾಗದ ತಾಗಿಸುವುದಿಲ್ಲ. ಅಂಥವು ನನ್ನ ಬಳಿ ಎರಡಿವೆ, ಎರಡೂ ಗಾಜಿನ ಕಪಾಟಿನಲ್ಲಿವೆ. ಈ ಹ್ಯಾಟು ಆ ಕಾಲದ ನಂತರದ್ದೆಂದು ಕಂಡದ್ದರಿಂದ ಹಬೆಗೆ ಒಡ್ಡಿದೆ. ಆದರೂ ಆ ತಡೆ ಅಮೆರಿಕದ್ದು, ಇದು ಲಂಡನ್ನಿನದು, ಆದ್ದರಿಂದ ಪೂರ್ತಿ ಖಾತ್ರಿ ಇಲ್ಲ.

ಚೋರ್ ಬಜಾರಿನಿಂದ ಬಂದದ್ದು ನೇರವಾಗಿ ಕಪಾಟಿಗೆ ಹೋಗುವಂತಿಲ್ಲ. ನುಸಿಯ ಮರಿಗಳು ರೋಮವನ್ನು ತಿಂದೇ ಬೆಳೆಯುವಂಥವು. ಒಂದು ಹ್ಯಾಟಿನಿಂದ ಹತ್ತಕ್ಕೆ ಹರಡಲು ಒಂದು ಮಳೆಗಾಲ ಸಾಕು. ನುಸಿಗುಳಿಗೆಯ ವಾಸನೆ ಫೆಲ್ಟಿಗೆ ಹತ್ತಿದರೆ ವರ್ಷವಾದರೂ ಬಿಡದು, ಅದಕ್ಕಾಗಿ ನಾನು ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರಿಜ್ಜಿನ ಫ್ರೀಜರಿನಲ್ಲಿ ಇಡುತ್ತೇನೆ. ಫ್ರೀಜರ್ ತೆರೆದ ಅಮ್ಮ, "ಇದೆಂತ ಮಾರಾಯ, ಬಂಗುಡೆ ಪಕ್ಕದಲ್ಲಿ ಟೊಪ್ಪಿಯಾ?" ಎಂದು ಕೇಳಿದ್ದು ರೆಕಾರ್ಡ್ ಆಗಿಲ್ಲದಿರುವುದು ನಿಮ್ಮ ನಷ್ಟ.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷಗಳ ಹಿಂದೆ, ನನ್ನ ಮೊತ್ತಮೊದಲ ಹ್ಯಾಟು ಹೀಗೆಯೇ ಕುಗ್ಗಿದ್ದಾಗ, ಅದಕ್ಕೆ ಚೆನ್ನಾಗಿ ಹಬೆ ಕೊಟ್ಟು, ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿಯ ಮೇಲೆ ಎಳೆದು ಕೂರಿಸಿ, ಗ್ಯಾಲರಿಯ ಬಿಸಿಲಿನಲ್ಲಿ ಒಣಗಲು ಇಟ್ಟೆ. ಸುತ್ತಳತೆ ಸರಿಯಾಗಿ 57 ಬಂತು. ತಲೆಗೆ ಇಟ್ಟುಕೊಂಡರೆ ಹಣೆಯಲ್ಲಿ ಮತ್ತು ಹಿಂದಲೆಯಲ್ಲಿ ಒತ್ತುತ್ತದೆ, ಎರಡೂ ಕಿವಿಗಳ ಮೇಲೆ ಬೆರಳು ತೂರುವಷ್ಟು ಸಂದು! ಡಬ್ಬಿ ವೃತ್ತಾಕಾರದ್ದು, ಮನುಷ್ಯರ ತಲೆ ಮೊಟ್ಟೆಯಾಕಾರದ್ದು ಎಂಬ ಸರಳ ಸತ್ಯ ನನಗೆ ಹೊಳೆದದ್ದು ಕನ್ನಡಿಯ ಮುಂದೆ. ಬಿಸಿಲಿಗೆ ಒಳಗಿನ ಚರ್ಮವೂ ಸೀಳಿತು. ಆ ಹ್ಯಾಟು ಈಗ ತೇಪೆಯ ತುಂಡುಗಳಿಗಾಗಿ ಮಾತ್ರ ಇದೆ.

ಈ ಸಲ ನಕ್ಷೆ ಬಿಡಿಸಲು ಬಳಸುವ ಬಾಗುವ ಅಳತೆಪಟ್ಟಿಯನ್ನು ತಲೆಯ ಸುತ್ತ ಒತ್ತಿ, ಆ ಆಕಾರವನ್ನು ರಟ್ಟಿನ ಮೇಲೆ ಬರೆದು, ನಮ್ಮ ಕಟ್ಟಡಕ್ಕೆ ಬರುವ ಬಡಗಿಗೆ ಕೊಟ್ಟೆ. ಅವರು ಮಾವಿನ ಮರದಲ್ಲಿ ಕಡೆದುಕೊಟ್ಟ ಅಚ್ಚು ಇದು. ಮೇಲ್ಭಾಗವನ್ನು ಉಜ್ಜಿ ನಯಗೊಳಿಸಲು ಎರಡು ಭಾನುವಾರ ಹಿಡಿಯಿತು.

ಮೊದಲು ಹಳೆಯ ಚರ್ಮದ ಪಟ್ಟಿಯ ಹೊಲಿಗೆ ಬಿಚ್ಚಬೇಕು. ಅದು ಇರುವ ತನಕ ಫೆಲ್ಟ್ ಹಿಗ್ಗದು. ಮೆತ್ತನೆಯ ಕುದುರೆಗೂದಲಿನ ಬ್ರಷ್ಷಿನಿಂದ ರೋಮ ಮಲಗಿದ ದಿಕ್ಕಿಗೇ ಧೂಳು ತೆಗೆದೆ. ರಿಬ್ಬನ್ನಿನ ಬಳಿಯ ಎಣ್ಣೆಕಲೆಗೆ ಮೆಕ್ಕೆಜೋಳದ ಪಿಷ್ಟದ ಪುಡಿ, ಅಂದರೆ ಕಾರ್ನ್‌ಫ್ಲೋರ್ ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿದೆ. ಕಲೆ ಮುಕ್ಕಾಲು ಪಾಲು ಹೋಯಿತು, ಕಾಲು ಪಾಲು ಇರಲಿ ಎಂದು ಬಿಟ್ಟೆ. ಒಂದು ಎಚ್ಚರಿಕೆ: ಸ್ಯಾನಿಟೈಸರ್ ಅಥವಾ ಸ್ಪಿರಿಟ್ ಹಾಕಿ ಒರೆಸಬೇಡಿ. ಫೆಲ್ಟನ್ನು ಬಿಗಿಯಾಗಿಸಲು ಕುಡಿಸುತ್ತಿದ್ದದ್ದು ಹೆಚ್ಚಾಗಿ ಅರಗು, ನಮ್ಮ ಜಾರ್ಖಂಡಿನ ಕಾಡುಗಳಲ್ಲಿ ಹುಳುಗಳು ಸ್ರವಿಸುವ ಅದೇ ಅರಗು. ಅದು ಮದ್ಯಸಾರದಲ್ಲಿ ಕರಗುತ್ತದೆ.

ಇನ್ನು ಹಬೆ. ಅಮ್ಮ ನಿವೃತ್ತಿಗೊಳಿಸಿದ ಇಡ್ಲಿ ಪಾತ್ರೆಯನ್ನು ಇಂಡಕ್ಷನ್ ಒಲೆಯ ಮೇಲಿಟ್ಟು, ಗ್ಯಾಲರಿಯ ಕಿಟಕಿಗಳನ್ನು ತೆರೆದು ಈ ಕೆಲಸ ಮಾಡುತ್ತೇನೆ. ಆ ಪಾತ್ರೆ ಮತ್ತೆ ಅಡುಗೆಗೆ ಇಲ್ಲ. ಈ ದೃಶ್ಯವನ್ನು ವೇಗ ಹೆಚ್ಚಿಸದೆ ತೋರಿಸುತ್ತಿದ್ದೇನೆ. ಅರ್ಧ ನಿಮಿಷದ ತನಕ ಏನೂ ಆಗುವುದಿಲ್ಲ. ಆಮೇಲೆ, ರಟ್ಟಿನಂತಿದ್ದ ಫೆಲ್ಟ್ ಬೆರಳಿನಡಿಯಲ್ಲಿ ಇದ್ದಕ್ಕಿದ್ದಂತೆ ಹದ ಬಂದ ಹಪ್ಪಳದ ಹಿಟ್ಟಿನಂತಾಗುತ್ತದೆ. ಆಗ ಎಳೆಯಬಾರದು, ಅಂಗೈಯಿಂದ ಒತ್ತುತ್ತ ಅಚ್ಚಿನ ಮೇಲೆ ಇಳಿಸಬೇಕು, ಬುಡದಲ್ಲಿ ದಾರ ಬಿಗಿದು ನೆರಳಿನಲ್ಲಿ ಮೂರು ದಿನ ಬಿಡಬೇಕು. ಮುಂಬಯಿಯ ಜುಲೈ ಆದರೆ ಮೂರು ದಿನ ಸಾಲದು, ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಈ ಕೆಲಸಕ್ಕೆ ನಾನು ಕೈ ಹಾಕುವುದೇ ಇಲ್ಲ.

ಹೊಸ ಒಳಪಟ್ಟಿಗೆ ಬೇಕಾದ ತೆಳ್ಳನೆಯ ಕುರಿ ಚರ್ಮ ಧಾರಾವಿಯಲ್ಲಿ ಸಿಕ್ಕಿತು. ರಿಬ್ಬನ್ ಮಾತ್ರ ಸತಾಯಿಸಿತು. ಭುಲೇಶ್ವರದ ಲೇಸಿನ ಅಂಗಡಿಗಳಲ್ಲಿ ತೋರಿಸಿದ್ದೆಲ್ಲ ಪಾಲಿಯೆಸ್ಟರ್. ಹ್ಯಾಟಿನ ರಿಬ್ಬನ್ ಮೇಲಂಚಿಗಿಂತ ಕೆಳಂಚು ಉದ್ದವಾಗಿ ಬಾಗಬೇಕು. ಹತ್ತಿ ಅಥವಾ ವಿಸ್ಕೋಸಿನದನ್ನು ತೇವ ಮಾಡಿ ಇಸ್ತ್ರಿ ಹಿಡಿದು ಬಾಗಿಸಬಹುದು, ಪಾಲಿಯೆಸ್ಟರ್ ಜಪ್ಪಯ್ಯ ಎಂದರೂ ಬಾಗುವುದಿಲ್ಲ. ಕೊನೆಗೆ ಹಳೆಯ ರಿಬ್ಬನ್ನನ್ನೇ ಒಗೆದು, ಮಾಸದ ಒಳಮೈಯನ್ನು ಹೊರಗೆ ಮಾಡಿ ಹೊಲಿದೆ.

ಬಿಚ್ಚಿದ ಹಳೆಯ ಚರ್ಮದ ಮೇಲೆ ಎರಡು ಇಂಗ್ಲಿಷ್ ಅಕ್ಷರಗಳಿದ್ದವು, ಯಾರದೋ ಹೆಸರಿನ ಮೊದಲಕ್ಷರಗಳು. ಆ ತುಂಡನ್ನು ಕತ್ತರಿಸಿ ಹೊಸ ಪಟ್ಟಿಯ ಹಿಂದೆ, ಆ 7ರ ಕಾಗದದ ಪಕ್ಕದಲ್ಲೇ ಸಿಕ್ಕಿಸಿದ್ದೇನೆ.

ಹೊಲಿಗೆ ಮುಗಿದ ಮೇಲೆ ಟೇಪು ಹೇಳಿದ್ದು 56.5. ಇನ್ನೊಂದು ಸುತ್ತು ಹಬೆ ಕೊಟ್ಟರೆ ಉಳಿದ ಅರ್ಧವೂ ಬರುತ್ತಿತ್ತೇನೋ. ಆದರೆ ಹ್ಯಾಟಿನ ಮುಂಭಾಗದಲ್ಲಿ, ಬೆರಳಿನಿಂದ ಚಿವುಟಿದಂತಿರುವ ತಗ್ಗಿನಲ್ಲಿ ಫೆಲ್ಟ್ ಆಗಲೇ ಬೆಳಕು ತೂರುವಷ್ಟು ಸವೆದಿತ್ತು, ಕೈ ತೆಗೆದೆ. ಫೆಬ್ರವರಿಯ ಮೊದಲ ಭಾನುವಾರ ಇಂಡಿಯನ್ ಡರ್ಬಿಯ ದಿನ ಇದನ್ನೇ ಧರಿಸಿ ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ ಹೋದೆ. ಹ್ಯಾಟು ಕಂಡೊಡನೆ ಶೂಟಿಂಗ್ ಇದೆಯಾ ಎಂದು ಯಾರೂ ಕೇಳದ ಜಾಗ ಈ ಊರಿನಲ್ಲಿ ಅದೊಂದೇ. ಸಂಜೆ ಮನೆಗೆ ಬಂದು ಹ್ಯಾಟು ತೆಗೆದಾಗ ನನ್ನ ಹಣೆಯ ಮೇಲೆ ಕಾಣುವ ಕೆಂಪು ಗೆರೆ ಆ ಅರ್ಧ ಸೆಂಟಿಮೀಟರಿನದು.