ಮೋಟಾರಿಗೂ ಒಂದು ಕರಾರಿದೆ

ಕೇಳುಗರೇ, ನಮಸ್ಕಾರ.

ನಮ್ಮ ಕೋಲಾರದ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಹಳೇ ಸುದ್ದಿ. ಅಷ್ಟು ಆಳದಲ್ಲಿ ಮೋಟಾರ್ ಸುಟ್ಟರೆ ಪೈಪು, ಕೇಬಲ್ಲು ಎಲ್ಲಾ ಮೇಲೆತ್ತಬೇಕು, ರಿವೈಂಡಿಂಗ್‌ಗೆ ಕೊಡಬೇಕು. ಬೈಗುಳವೆಲ್ಲ ಮೋಟಾರಿಗೆ. ಆದರೆ ಅದು ಕೊಟ್ಟಿದ್ದ ಮಾತೇನು? ಮೂರೂ ಫೇಸ್ ಸರಿಯಾಗಿ ಬಂದರೆ, ನಾನು ನೀರಲ್ಲಿ ಮುಳುಗಿದ್ದರೆ, ಇಷ್ಟು ನೀರು ಎತ್ತುತ್ತೇನೆ ಅಂತ. ಒಂದು ಫೇಸ್ ಹೋದರೆ ಉಳಿದ ಎರಡರಲ್ಲಿ ಕರೆಂಟು ಜಾಸ್ತಿ ಹರಿದು ಕಾಯಿಲ್ ಕಾಯುತ್ತದೆ. ಮಾತು ತಪ್ಪಿದ್ದು ಮೋಟಾರ್ ಅಲ್ಲ, ಅಲ್ವಾ?

ಸ್ಟಾರ್ಟರ್ ಡಬ್ಬಿಯಲ್ಲಿರುವ ಸಿಂಗಲ್ ಫೇಸ್ ಪ್ರಿವೆಂಟರ್ ಈ ಷರತ್ತನ್ನು ಕಾಯುತ್ತಾ ಕೂತಿರುತ್ತದೆ. ಷರತ್ತು ಮುರಿದ ಕೂಡಲೇ ಲೈನ್ ಕಡಿಯುತ್ತದೆ. ಅದನ್ನೇ ಬೈಪಾಸ್ ಮಾಡಿಸುವವರೂ ಇದ್ದಾರೆ ಬಿಡಿ.

ವಿಮಾನ, ರಾಕೆಟ್, ರೈಲಿನ ಸಿಗ್ನಲ್ ಕಟ್ಟುವ ಎಂಜಿನಿಯರುಗಳು ಎಷ್ಟೋ ಕಡೆ ಭಾಗಗಳಿಗೆ ಇಂಥ ಕರಾರು ಬರೆಯುತ್ತಾರೆ. ನನಗೆ ಏನು ಸಿಗಬೇಕು, ಸಿಕ್ಕರೆ ನಾನು ಏನು ಕೊಡುತ್ತೇನೆ. ಸಾವಿರಾರು ಭಾಗಗಳನ್ನು ಎಲ್ಲ ಸನ್ನಿವೇಶದಲ್ಲೂ ಒಟ್ಟಿಗೆ ಪರೀಕ್ಷಿಸಲು ಆಗುವುದಿಲ್ಲ. ಹಾಗಾಗಿ ಭಾಗಗಳು ಸೇರುವ ಕಡೆ ಒಂದರ ಕೊಡುಗೆ ಇನ್ನೊಂದರ ಬೇಡಿಕೆಗೆ ಸಾಕಾ ಅಂತ ನೋಡುತ್ತಾರೆ. ಒಂದು ಭಾಗ ಬದಲಾಯಿಸಿದರೆ, ಹೊಸದು ಹಳೆಯದಕ್ಕಿಂತ ಜಾಸ್ತಿ ಕೇಳಬಾರದು, ಕಡಿಮೆ ಕೊಡಬಾರದು.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡಿಗೆ ಚೂರಾಯಿತು. ದಿಕ್ಕು ಹೇಳುವ ಉಪಕರಣದ ಸಾಫ್ಟ್‌ವೇರ್ ಏರಿಯಾನ್ 4ರದ್ದು. ಅಲ್ಲಿ ಚೆನ್ನಾಗಿಯೇ ನಡೆದಿತ್ತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಅದು 64 ಬಿಟ್‌ನಿಂದ 16 ಬಿಟ್‌ಗೆ ಇಳಿಸುತ್ತಿತ್ತು. ಬಿಟ್ ಅಂದರೆ ಕಂಪ್ಯೂಟರ್ ಸಂಖ್ಯೆ ಇಡುವ ಜಾಗದ ಅಳತೆ; 16 ಬಿಟ್‌ನ ಆ ಚಿಕ್ಕ ಜಾಗದಲ್ಲಿ 32,767 ದಾಟಿದ ಸಂಖ್ಯೆ ಹಿಡಿಸುವುದಿಲ್ಲ. ಹೊಸ ರಾಕೆಟ್ ಆ ದಿಕ್ಕಿನಲ್ಲಿ ಇನ್ನೂ ಬೇಗ ವೇಗ ಪಡೆಯುತ್ತಿತ್ತು. ಸಂಖ್ಯೆ ಆ ಮಿತಿ ದಾಟಿತು, ಉಪಕರಣ ನಿಂತಿತು. ಮೀಸಲು ಉಪಕರಣದಲ್ಲೂ ಅದೇ ಸಾಫ್ಟ್‌ವೇರ್, ಅದೂ ನಿಂತಿತು. ಸರಿಯಾದ ದಿಕ್ಕು ಹೇಳುವವರಿಲ್ಲದೆ ರಾಕೆಟ್ ದಾರಿ ತಪ್ಪಿತು. ತಮಾಷೆ ಅಂದರೆ, ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಐಫೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 1980ರ ದಶಕದಲ್ಲೇ ಕರಾರು ತಂದವರು ಬರ್ಟ್ರಂಡ್ ಮೇಯರ್. ಈ ಮಿತಿಯನ್ನು ಕರಾರಾಗಿ ಬರೆದಿದ್ದರೆ ತಪ್ಪು ಮೊದಲೇ ಸಿಗುತ್ತಿತ್ತು ಅನ್ನುವುದು ಅವರ ವಾದ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ಆ ಉಪಕರಣದ ಬೇಡಿಕೆ ಪಟ್ಟಿಯಲ್ಲಿ ಏರಿಯಾನ್ 5ರ ಹಾರುವ ದಾರಿಯ ಅಂಕಿಗಳೇ ಇರಲಿಲ್ಲ ಅಂತ ತನಿಖಾ ಮಂಡಳಿ ಹೇಳಿತು. ಕರಾರಿನ ಒಂದು ಕಡೆ ಬರೆದು ಇನ್ನೊಂದು ಕಡೆ ಖಾಲಿ ಬಿಟ್ಟರೆ ಯಾವುದಕ್ಕೆ ಯಾವುದನ್ನು ಹೋಲಿಸುವುದು? ಮುಂದಿನ ಹಾರಾಟಗಳಿಗೆ ಮುಂಚೆ, ಆದಷ್ಟು ನಿಜವಾದ ಉಪಕರಣಗಳನ್ನೇ ಜೋಡಿಸಿ, ನಿಜವಾದ ಅಂಕಿ ಕೊಟ್ಟು ಪೂರ್ತಿ ಪರೀಕ್ಷೆ ನಡೆಸಿ ಅಂತ ಮಂಡಳಿ ಬರೆಯಿತು.

ನಮಸ್ಕಾರ.