ಹುಲ್ಲಿಗೂ ಬಿಡುವು ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಈಗ ರೇಡಿಯೊ ಮುಂದೆ ಯಾರು ಯಾರು ಕೂತಿದ್ದೀರಿ ಅಂತ ಮನಸ್ಸಿನಲ್ಲೇ ಊಹಿಸಿಕೊಳ್ಳುತ್ತಿದ್ದೇನೆ. ಶಾಲೆಯ ಪಿ.ಟಿ. ಮೇಷ್ಟ್ರುಗಳು ಇದ್ದೀರಿ. ಊರ ಮೈದಾನದ ಉಸ್ತುವಾರಿ ಹೊತ್ತ ಪಂಚಾಯ್ತಿ ಸದಸ್ಯರು ಇದ್ದೀರಿ. ಭಾನುವಾರ ಬಂತೆಂದರೆ ಬ್ಯಾಟು ಹಿಡಿದು ಓಡುವ ಹುಡುಗರು ಇದ್ದೀರಿ. ಅದೇ ಮೈದಾನ ನಮಗೂ ಬೇಕು ಅಂತ ಅವರ ಜೊತೆ ಜಗಳ ತೆಗೆಯುವ ಫುಟ್‌ಬಾಲ್ ಹುಡುಗರೂ ಇದ್ದೀರಿ. ನಿಮಗೆಲ್ಲ ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ. ಹುಲ್ಲಿಗೆ ಬಿಡುವು ಬೇಕು. ಮೂವತ್ತು ವರ್ಷದಿಂದ ಮೈದಾನದ ಹುಲ್ಲು ಬೆಳೆಸುವುದೇ ನನ್ನ ಕೆಲಸ. ಮೂವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.

ಇದು ಅರ್ಥವಾಗಬೇಕಾದರೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಕೆನಡಾ ದೇಶದ ಟೊರಾಂಟೊ ನಗರಕ್ಕೆ. ಅಲ್ಲಿ ಒಂಟಾರಿಯೊ ಸರೋವರದ ದಂಡೆಗೆ ಹತ್ತಿರ ಬಿಎಂಒ ಫೀಲ್ಡ್ ಅಂತ ಒಂದು ಕ್ರೀಡಾಂಗಣ ಇದೆ. ಆ ಒಂದೇ ಅಂಗಳದಲ್ಲಿ ಎರಡು ತಂಡಗಳು ಸಂಸಾರ ಮಾಡುತ್ತವೆ. ಒಂದು ಟೊರಾಂಟೊ ಎಫ್‌ಸಿ. ಅದು ನಾವು ಫುಟ್‌ಬಾಲ್ ಅನ್ನುವ ಆಟದ ತಂಡ. ಅಲ್ಲಿಯವರು ಅದನ್ನು ಸಾಕರ್ ಅನ್ನುತ್ತಾರೆ. ಇನ್ನೊಂದು ಟೊರಾಂಟೊ ಆರ್ಗೊನಾಟ್ಸ್. ಅವರದ್ದು ಕೆನಡಿಯನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಿಗೆ ಬಂದವರನ್ನು ಗುದ್ದಿ ತಳ್ಳಿ ಮುಂದೆ ಹೋಗುವ ಆಟ. ಹೆಸರು ಒಂದೇ ಅಂತ ಗೊಂದಲ ಮಾಡಿಕೊಳ್ಳಬೇಡಿ. ಹುಲ್ಲಿನ ಮಟ್ಟಿಗೆ ಇವೆರಡೂ ಬೇರೆ ಬೇರೆ ಆಟಗಳೇ.

ಈ ಕ್ರೀಡಾಂಗಣ ಶುರುವಾಗಿದ್ದು 2007ರಲ್ಲಿ. ಟೊರಾಂಟೊ ಎಫ್‌ಸಿ ಮೊದಲ ಬಾರಿಗೆ ಲೀಗ್‌ನಲ್ಲಿ ಆಡಿದ್ದೂ ಅದೇ ವರ್ಷ. ಮೊದಲ ನಾಲ್ಕು ಪಂದ್ಯ ಒಂದೂ ಗೋಲಿಲ್ಲದೆ ಸೋತರು. ಮೇ 12ರಂದು 24ನೇ ನಿಮಿಷದಲ್ಲಿ ಡ್ಯಾನಿ ಡಿಚಿಯೊ ಕ್ಲಬ್ಬಿನ ಮೊಟ್ಟಮೊದಲ ಗೋಲು ಹೊಡೆದಾಗ, ಜನ ಕೂರಲು ಕೊಟ್ಟಿದ್ದ ಪುಟ್ಟ ದಿಂಬುಗಳನ್ನೆಲ್ಲ ಸಂತೋಷಕ್ಕೆ ಮೈದಾನದೊಳಗೆ ತೂರಿಬಿಟ್ಟರು. ಆಮೇಲೂ ಪಂದ್ಯದ 24ನೇ ನಿಮಿಷ ಬಂದರೆ ಅವರ ಹೆಸರಿನ ಹಾಡು ಹೇಳುವುದು ರೂಢಿಯಾಯಿತು. ಆಗ ನೆಲದ ಮೇಲೆ ಇದ್ದದ್ದು ಪ್ಲಾಸ್ಟಿಕ್ ಹುಲ್ಲು. 2010ರಲ್ಲಿ ಅದನ್ನು ಕಿತ್ತು ನಿಜವಾದ ಹುಲ್ಲು ಹಾಕಿದರು. ಚಳಿಗೆ ನೆಲ ಹೆಪ್ಪುಗಟ್ಟದಿರಲಿ ಅಂತ ಕೆಳಗೆ ಬಿಸಿ ಕೊಳವೆಗಳನ್ನೂ ಇಟ್ಟರು. ಆ ಹುಲ್ಲನ್ನು ಅಭಿಮಾನಿಗಳು ತಮ್ಮ ಮನೆಯ ಅಂಗಳದ ಹಾಗೆ ಪ್ರೀತಿಸಿದರು.

ಹಾಗಿರುವಾಗ 2016ರಲ್ಲಿ ಆರ್ಗೊನಾಟ್ಸ್ ಬಂದರು. ಅವರೇನೂ ಸಾಮಾನ್ಯದವರಲ್ಲ. 1873ರಲ್ಲಿ ದೋಣಿ ಹುಟ್ಟುಹಾಕುವವರ ಕ್ಲಬ್ಬಿನಿಂದ ಹುಟ್ಟಿದ ತಂಡ ಅದು. ಈಗ ಬಿಎಂಒ ಫೀಲ್ಡ್ ಇರುವ ಜಾಗದಲ್ಲೇ ಹಿಂದೆ ಇದ್ದ ಹಳೆಯ ಕ್ರೀಡಾಂಗಣದಲ್ಲಿ 1959ರಿಂದ 1988ರವರೆಗೆ ಅವರೇ ಆಡಿದ್ದರು. ಆಮೇಲೆ ಬೇಸ್‌ಬಾಲ್ ತಂಡದ ಜೊತೆ ಮುಚ್ಚುಮಾಡಿನ ದೊಡ್ಡ ಕ್ರೀಡಾಂಗಣಕ್ಕೆ ಹೋದರು. ಅಲ್ಲಿ ಬೇಸ್‌ಬಾಲ್‌ನವರು ನಿಜವಾದ ಹುಲ್ಲು ಬೆಳೆಸುವ ಯೋಚನೆ ಮಾಡಿದಾಗ, ಈ ಗುದ್ದಾಟದ ಆಟ ಇದ್ದರೆ ಹುಲ್ಲು ಉಳಿಯಲ್ಲ ಅಂತ ಇವರಿಗೆ ಬೇರೆ ಜಾಗ ನೋಡಿಕೊಳ್ಳಿ ಅಂದರು. ಗಮನಿಸಿ, ಅಲ್ಲೂ ಮಾತು ಬಂದದ್ದು ಹುಲ್ಲಿನ ಮೇಲೆಯೇ. ಇವರು ಬಿಎಂಒ ಫೀಲ್ಡಿಗೆ ಬರುತ್ತಾರೆ ಅಂದಾಗ ಸಾಕರ್ ಅಭಿಮಾನಿಗಳು ಬ್ಯಾನರ್ ಹಿಡಿದು ವಿರೋಧಿಸಿದರು. ಅವರ ಭಯ ಸುಳ್ಳಲ್ಲ. ಯಾಕೆ ಅಂತ ಹೇಳುತ್ತೇನೆ.

ಸಾಕರ್‌ನಲ್ಲಿ ಆಟಗಾರರು ಮೈದಾನದ ತುಂಬ ಹರಡಿಕೊಂಡು ಓಡುತ್ತಾರೆ. ಗೋಲಿನ ಮುಂದೆ ಹುಲ್ಲು ಜಾಸ್ತಿ ಸವೆಯುತ್ತದೆ, ಉಳಿದ ಕಡೆ ಅಷ್ಟಿಲ್ಲ. ಕೆನಡಿಯನ್ ಫುಟ್‌ಬಾಲ್‌ನಲ್ಲಿ ಒಂದು ಕಡೆಗೆ 12 ಜನ. ಅವರಲ್ಲಿ 130, 140 ಕಿಲೋ ತೂಗುವ ಗಂಡಾಳುಗಳು ಎದುರುಬದುರು ನಿಂತು, ಬೂಟಿನ ಮುಳ್ಳು ನೆಲಕ್ಕೆ ನಾಟಿ, ಒಬ್ಬರನ್ನೊಬ್ಬರು ನೂಕುತ್ತಾರೆ. ಅದೂ ಎಲ್ಲಿ? ಬಹುಪಾಲು ಮೈದಾನದ ನಡುಪಟ್ಟಿಯಲ್ಲೇ. ಎತ್ತು ಕಟ್ಟಿ ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಹೂಡಿದ ಹಾಗೆ. ಅಳತೆಯೂ ಬೇರೆ. ಸಾಕರ್ ಅಂಗಳ ಸುಮಾರು 115 ಗಜ ಉದ್ದ, 75 ಗಜ ಅಗಲ. ಕೆನಡಿಯನ್ ಫುಟ್‌ಬಾಲ್ ಅಂಗಳ 110 ಗಜ ಉದ್ದ, 65 ಗಜ ಅಗಲ. ಅದರ ಎರಡೂ ತುದಿಗೆ, ಚೆಂಡು ಒಯ್ದು ಅಂಕ ಗಳಿಸುವ 20 ಗಜದ ಕೊನೆಯಂಕಣ ಬೇರೆ. ಬಿಎಂಒ ಫೀಲ್ಡಿನಲ್ಲಿ ಜಾಗ ಸಾಲದೆ ಅದನ್ನು 18 ಗಜಕ್ಕೆ ಇಳಿಸಿದರು. ಒಂದು ಅಂಗಳದ ಮೇಲೆ ಇನ್ನೊಂದನ್ನು ಇಟ್ಟು ಲೆಕ್ಕ ಹಾಕಿ ನೋಡಿ. ಕೆನಡಿಯನ್ ಫುಟ್‌ಬಾಲ್‌ನ ಗೋಲುಗೆರೆ ಸಾಕರ್ ಗೋಲಿಗಿಂತ ಎರಡೂವರೆ ಗಜ ಮುಂದೆ ಬೀಳುತ್ತದೆ. ಅಂದರೆ ಗೋಲ್‌ಕೀಪರ್ ನಿಲ್ಲುವ ಜಾಗದಲ್ಲೇ. ಮೊದಲೇ ಸವೆದ ಜಾಗ, ಅದರ ಮೇಲೆ ಇನ್ನೊಂದು ಆಟ.

ಈಗ ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ.

2016ರ ನವೆಂಬರ್‌ನಲ್ಲಿ ನಾನು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಅಕ್ಕನ ಮಗನ ಮನೆಯಲ್ಲಿದ್ದೆ. ನವೆಂಬರ್ 27, ಭಾನುವಾರ. ಬಿಎಂಒ ಫೀಲ್ಡಿನಲ್ಲಿ ಗ್ರೇ ಕಪ್, ಅಂದರೆ ಕೆನಡಿಯನ್ ಫುಟ್‌ಬಾಲ್‌ನ ಫೈನಲ್. ಟಿವಿಯಲ್ಲಿ ನೋಡಿದೆವು. ಒಟ್ಟಾವಾ ತಂಡಕ್ಕೂ ಕ್ಯಾಲ್ಗರಿ ತಂಡಕ್ಕೂ ಪಂದ್ಯ. ಮಧ್ಯಂತರದಲ್ಲಿ ಹುಲ್ಲಿನ ಮೇಲೆ ವೇದಿಕೆ ತಂದಿಟ್ಟು ಸಂಗೀತ ಕಾರ್ಯಕ್ರಮ ಮಾಡಿದರು. ನನ್ನ ಜೀವ ಚುರ್ ಅಂದಿತು. ಪಂದ್ಯ ಸಮ ಆಯಿತು, ಹೆಚ್ಚುವರಿ ಆಟಕ್ಕೆ ಹೋಯಿತು. ಕೊನೆಗೆ ಒಟ್ಟಾವಾ 39-33ರಲ್ಲಿ ಗೆದ್ದಿತು. ಎಲ್ಲರೂ ಕುಣಿದಾಡುತ್ತಿದ್ದರು. ನಾನು ಕೇಳಿದ್ದು ಒಂದೇ: "ಇಲ್ಲಿ ಮುಂದಿನ ಆಟ ಯಾವಾಗಪ್ಪಾ?" ಅವನು ಹೇಳಿದ, "ಬುಧವಾರ ಮಾವ. ಸಾಕರ್ ಸೆಮಿಫೈನಲ್. ನಿಮಗೂ ಟಿಕೆಟ್ ತೆಗೆದಿದ್ದೇನೆ."

ಬುಧವಾರ! ಮೂರೇ ದಿನ!

ಅದು ಎರಡು ಕಂತಿನ ಸೆಮಿಫೈನಲ್. ಮೊದಲ ಕಂತು ಮಾಂಟ್ರಿಯಲ್‌ನಲ್ಲಿ ಮುಗಿದಿತ್ತು. ಅಲ್ಲಿ ಏನಾಗಿತ್ತು ಗೊತ್ತಾ? 60 ಸಾವಿರಕ್ಕೂ ಜಾಸ್ತಿ ಜನ ಬಂದು ಕೂತಿದ್ದಾರೆ, ಆಟಗಾರರು ಸಿದ್ಧರಾಗಿದ್ದಾರೆ, ನೋಡಿದರೆ ಪೆನಾಲ್ಟಿ ಅಂಕಣದ ಗೆರೆಗಳನ್ನೇ ತಪ್ಪು ಅಳತೆಗೆ ಬಳಿದಿದ್ದಾರೆ! ಇರಬೇಕಾದ್ದಕ್ಕಿಂತ ಕಿರಿದು. ಟೇಪು ಹಿಡಿದು ಅಳೆದು ಹೊಸದಾಗಿ ಗೆರೆ ಬಳಿಯುವ ಹೊತ್ತಿಗೆ ಪಂದ್ಯ 40 ನಿಮಿಷದಷ್ಟು ತಡವಾಯಿತು. ಮೈದಾನದ ಕೆಲಸ ಅಂದರೆ ಸುಮ್ನೆ ನೀರು ಬಿಡುವುದು ಅಂದುಕೊಂಡವರಿಗೆ ಈ ಕಥೆಯನ್ನು ನಾನು ಯಾವಾಗಲೂ ಹೇಳುತ್ತೇನೆ. ಆ ಪಂದ್ಯ ಮಾಂಟ್ರಿಯಲ್ 3-2ರಲ್ಲಿ ಗೆದ್ದಿತ್ತು.

ಬುಧವಾರ ರಾತ್ರಿ ಟೊರಾಂಟೊದಲ್ಲಿ ಮಳೆ. ಚಳಿಯ ಮಳೆ. ಮೂಲೆಯ ಧ್ವಜದ ಹತ್ತಿರ, ಕೆಳಗಿನ ಸಾಲಿನಲ್ಲಿ ನಮ್ಮ ಸೀಟು. ಅಲ್ಲಿಂದ ಹುಲ್ಲು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ದೂರಕ್ಕೆ ಎಲ್ಲ ಹಸಿರು. ಹತ್ತಿರದಿಂದ ನೋಡಿದರೆ ನಡುಭಾಗ ಉಳಿದದ್ದಕ್ಕಿಂತ ಮಂಕಾಗಿತ್ತು. ಒಬ್ಬ ಆಟಗಾರ ಕಾರ್ನರ್ ಹೊಡೆಯಲು ಬಂದ. ಚೆಂಡು ಇಟ್ಟ. ಹೊಡೆಯುವ ಮೊದಲು ಎದ್ದುಬಂದಿದ್ದ ಒಂದು ಹುಲ್ಲಿನ ಹೆಂಟೆಯನ್ನು ಬೂಟಿನಿಂದ ಒತ್ತಿ ಒತ್ತಿ ಕೂರಿಸಿದ. ಹೆಂಟೆಯ ಅಡಿಯಲ್ಲಿ ಬಿಳಿ ಬೇರು ಕಂಡಿತು. "ಮಾವ, ಆಟ ನೋಡಿ, ನೆಲ ಯಾಕೆ ನೋಡ್ತೀರಿ?" ಅಂದ ನನ್ನ ಅಳಿಯ. ಅಪ್ಪಾ, ಆಟ ನಡೆಯುತ್ತಿರುವುದೇ ಆ ನೆಲದ ಮೇಲೆ ಅಲ್ವಾ!

ಟೊರಾಂಟೊ 3-2ರಿಂದ ಮುಂದಿತ್ತು. ಅಲ್ಲಿ 3-2, ಇಲ್ಲಿ 3-2. ಲೆಕ್ಕ ಸಮ. ಮತ್ತೆ 30 ನಿಮಿಷ ಹೆಚ್ಚುವರಿ ಆಟ. ಬದಲಿ ಆಟಗಾರನಾಗಿ ಬಂದ ಶೆಯ್ರೂ ತಲೆಯಿಂದ ಗೋಲು ಹೊಡೆದ. ಎರಡೇ ನಿಮಿಷಕ್ಕೆ ರಿಕೆಟ್ಸ್ ಇನ್ನೊಂದು. 5-2. ಸುಮಾರು 36 ಸಾವಿರ ಜನ ಮಳೆಯಲ್ಲಿ ನೆನೆದುಕೊಂಡೇ ಕೂಗುತ್ತಿದ್ದರು. ನಾನೂ ಕೂಗಿದೆ. ಆದರೆ ನನ್ನ ಮೆಚ್ಚುಗೆಯೆಲ್ಲ ಮಧ್ಯಂತರದಲ್ಲಿ ಫೋರ್ಕ್ ಹಿಡಿದು ಬಂದು, ಎದ್ದ ಹುಲ್ಲನ್ನು ತೇಪೆ ಹಾಕಿದ ಆ ಕೆಲಸಗಾರರಿಗೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರ್ 10ರಂದು ಫೈನಲ್, ಅದೇ ಅಂಗಳದಲ್ಲಿ, ಸಿಯಾಟಲ್ ತಂಡದ ಮೇಲೆ. ಚಳಿ ಸೊನ್ನೆಗಿಂತ ಕೆಳಗೆ. ಮತ್ತೆ 120 ನಿಮಿಷ, ಒಂದೂ ಗೋಲಿಲ್ಲ. ಲೆಕ್ಕ ಹಾಕಿ. 14 ದಿನದಲ್ಲಿ ಮೂರು ಪಂದ್ಯ, ಮೂರೂ ಹೆಚ್ಚುವರಿ ಆಟಕ್ಕೆ ಹೋದವು. ಹೆಚ್ಚುವರಿ ಆಟದಲ್ಲಿ ಟೊರಾಂಟೊದ ಆಲ್ಟಿಡೋರ್ ತಲೆಯಿಂದ ಹೊಡೆದ ಚೆಂಡು ಗೋಲಿನೊಳಗೆ ಇಳಿಯುತ್ತಿದೆ. ಸಿಯಾಟಲ್‌ನ ಗೋಲ್‌ಕೀಪರ್ ಸ್ಟೆಫಾನ್ ಫ್ರೈ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಮೇಲಕ್ಕೆ ಹಾರಿ, ಒಂದೇ ಕೈಯಲ್ಲಿ ಅದನ್ನು ಕಿತ್ತು ಹೊರಗೆ ಹಾಕಿದರು. ಫ್ರೈ ಹಿಂದೆ ಟೊರಾಂಟೊ ಎಫ್‌ಸಿಯಲ್ಲೇ ಆಡಿದವರು. ಪೆನಾಲ್ಟಿಯಲ್ಲಿ ಸಿಯಾಟಲ್ ಗೆದ್ದಿತು. ಆ ಜಿಗಿತವನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ನಾನು ನೋಡುವುದು ಅವರು ನೆಲ ಬಿಟ್ಟ ಆ ಒಂದು ಕ್ಷಣ. ಆ ಕಾಲು ಜಾರಿದ್ದರೆ? ಗೋಲಿನ ಮುಂದಿನ ಹುಲ್ಲು, ಅಷ್ಟು ಸವೆದ ಜಾಗದ ಹುಲ್ಲು, ಅವರ ಕಾಲನ್ನು ಹಿಡಿದುಕೊಂಡಿತು. ನನ್ನ ಪ್ರಕಾರ, ನಡುವೆ ಅದಕ್ಕೆ ಹತ್ತು ದಿನ ಸಿಕ್ಕಿದ್ದಕ್ಕೆ. ಮೂರು ದಿನಕ್ಕೂ ಹತ್ತು ದಿನಕ್ಕೂ ಇರುವ ವ್ಯತ್ಯಾಸ ಇದು. ಹುಲ್ಲಿಗೆ ಬಿಡುವು ಬೇಕು.

ಇದರ ಗುಟ್ಟು ಸರಳ. ನಾವು ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ನಮ್ಮ ಕ್ರಿಕೆಟ್ ಮೈದಾನಗಳಲ್ಲಿ ಸಾಮಾನ್ಯವಾಗಿ ಇರುವುದು ಅದರ ಬಳಗವೇ. ಅದಕ್ಕೆ ಬಿಸಿಲು ಬೇಕು. ಟೊರಾಂಟೊದ್ದು ಕೆಂಟಕಿ ಬ್ಲೂಗ್ರಾಸ್, ತಂಪು ಬಯಸುವ ಜಾತಿ. ಎರಡೂ ನೆಲದೊಳಗೆ ಕುಡಿ ಓಡಿಸಿ ತಮ್ಮ ಗಾಯವನ್ನು ತಾವೇ ಮುಚ್ಚಿಕೊಳ್ಳುತ್ತವೆ. ಆದರೆ ಬೆಳೆಯುವ ಕಾಲದಲ್ಲಿ ಮಾತ್ರ. ನವೆಂಬರ್ ಕೊನೆಗೆ ಅಲ್ಲಿ ಹುಲ್ಲಿನ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆಗ ಕಿತ್ತದ್ದು ಕೂಡಲು ಇನ್ನೂ ಹೆಚ್ಚು ದಿನ ಬೇಕು. ಇನ್ನು ಹಸಿ ನೆಲವನ್ನು ತುಳಿದರೆ ಮಣ್ಣು ಬಿಗಿದು ಬೇರಿಗೆ ಉಸಿರು ಕಟ್ಟುತ್ತದೆ. ಇದನ್ನು ರೈತರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಒದ್ದೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸುತ್ತೀರಾ? ಇಲ್ಲ. ಮತ್ತೆ ಒದ್ದೆ ಮೈದಾನಕ್ಕೆ ಆಟಗಾರರನ್ನು ಯಾಕೆ ಇಳಿಸುತ್ತೀರಿ?

ಹೇಳಬೇಕಾದದ್ದು ಇನ್ನೂ ಇದೆ, ಸಮಯ ಓಡುತ್ತಿದೆ. ಬೇಗ ಬೇಗ ಹೇಳುತ್ತೇನೆ.

2018ರ ಆರಂಭದಲ್ಲಿ ಟೊರಾಂಟೊ ಎಫ್‌ಸಿಯ ಮಾಲೀಕರೇ ಆರ್ಗೊನಾಟ್ಸ್ ತಂಡವನ್ನೂ ಕೊಂಡರು. ಎರಡೂ ತಂಡ ಒಂದೇ ಮನೆಯವಾದವು. 2019ರಲ್ಲಿ ಹೈಬ್ರಿಡ್ ಹುಲ್ಲು ಬಂತು. ಅಂದರೆ ನಿಜವಾದ ಹುಲ್ಲಿನ ನಡುವೆ ಯಂತ್ರದಿಂದ ಪ್ಲಾಸ್ಟಿಕ್ ಎಳೆಗಳನ್ನು ಹತ್ತಿರ ಹತ್ತಿರ ಗೇಣುದ್ದ ಆಳಕ್ಕೆ ಹೊಲಿಯುವುದು. ಪ್ಲಾಸ್ಟಿಕ್ ನೂರಕ್ಕೆ ಐದು ಪಾಲು ಅಷ್ಟೆ. ಬೇರು ಆ ಎಳೆಗಳಿಗೆ ಸುತ್ತಿಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಒಳ್ಳೆಯ ಉಪಾಯ. ಆದರೂ ಹೈಬ್ರಿಡ್ ಹುಲ್ಲಿಗೂ ಬಿಡುವು ಬೇಕು.

ಪ್ಲಾಸ್ಟಿಕ್ಕೇ ಹಾಕಿಬಿಟ್ಟರೆ ರಗಳೆಯೇ ಇಲ್ಲವಲ್ಲ ಅಂತ ಕೇಳುವವರು ಇದ್ದಾರೆ. ವ್ಯಾಂಕೂವರ್, ಹ್ಯಾಮಿಲ್ಟನ್, ಒಟ್ಟಾವಾ, ಎಲ್ಲ ಕಡೆ ಎರಡು ಆಟಗಳು ಪ್ಲಾಸ್ಟಿಕ್ ಮೇಲೆಯೇ ಜೊತೆಯಾಗಿ ಬದುಕಿವೆ. ಆದರೆ 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿ ಪ್ಲಾಸ್ಟಿಕ್ ಮೇಲೆ ನಡೆಯುತ್ತದೆ ಅಂದಾಗ ಆಟಗಾರ್ತಿಯರು ಕಾನೂನಿನ ಮೊರೆ ಹೋದರು. ಬಿದ್ದರೆ ಚರ್ಮ ಸುಲಿಯುವ ನೆಲ ಅದು. 2026ರ ಪುರುಷರ ವಿಶ್ವಕಪ್‌ಗೆ ಮಾತ್ರ ನಿಜವಾದ ಹುಲ್ಲೇ ಬೇಕು ಅಂತ ನಿಯಮ. ಆ ಹೆಣ್ಣುಮಕ್ಕಳು ಕೇಳಿದ್ದರಲ್ಲಿ ತಪ್ಪೇನಿತ್ತು? ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ಸುದ್ದಿ. 2027ರಿಂದ ಕೆನಡಿಯನ್ ಫುಟ್‌ಬಾಲ್ ಅಂಗಳವನ್ನು 100 ಗಜಕ್ಕೆ, ಕೊನೆಯಂಕಣವನ್ನು 15 ಗಜಕ್ಕೆ ಇಳಿಸುತ್ತೇವೆ, ಗೋಲಿನ ಕಂಬಗಳನ್ನು ಹಿಂದಿನ ತುದಿಗೆ ಒಯ್ಯುತ್ತೇವೆ ಅಂತ ಲೀಗ್ 2025ರಲ್ಲಿ ಪ್ರಕಟಿಸಿತು. ಹಳೆಯ ಅಭಿಮಾನಿಗಳಿಗೆ ಬೇಸರವಾಗಿದೆ. ನಾನು ಹುಲ್ಲಿನ ಪರ. ಗೋಲ್‌ಕೀಪರ್ ನಿಲ್ಲುವ ಜಾಗಕ್ಕೆ ಇದರಿಂದ ಒಂದಿಷ್ಟು ನೆಮ್ಮದಿ.

ನಮ್ಮ ಬೆಂಗಳೂರಿನ ಕಂಠೀರವದಲ್ಲೂ ಬೆಂಗಳೂರು ಎಫ್‌ಸಿ ಆಡುವ ಹುಲ್ಲಿನ ಸುತ್ತ ಓಟದ ಟ್ರ್ಯಾಕ್ ಇದೆ. ಓಟಗಾರರಿಗೂ ಫುಟ್‌ಬಾಲ್‌ನವರಿಗೂ ಸಮಯದ ತಕರಾರು ಎಷ್ಟೋ ಬಾರಿ ಪೇಪರಿನಲ್ಲಿ ಬಂದಿದೆ. ಅದರ ಬಗ್ಗೆ ವಿವರವಾಗಿ ಹೇಳಬೇಕು ಅಂತಿದ್ದೆ, ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ.

ಹಾಗಾಗಿ ಮೇಷ್ಟ್ರುಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಾಳೆ ಬೆಳಿಗ್ಗೆ ನಿಮ್ಮ ಶಾಲೆಯ ಮೈದಾನಕ್ಕೆ ಹೋಗಿ ಗೋಲಿನ ಮುಂದೆ ನಿಂತು ನೋಡಿ. ನೆಲ ಬೋಳಾಗಿದ್ದರೆ ಗೋಲಿನ ಕಂಬಗಳನ್ನು ಹತ್ತು ಹೆಜ್ಜೆ ಪಕ್ಕಕ್ಕೆ ಸರಿಸಿ. ಬೋಳು ಜಾಗವನ್ನು ಕೆದಕಿ, ಸ್ವಲ್ಪ ಕೊಟ್ಟಿಗೆ ಗೊಬ್ಬರ ಹಾಕಿ, ಮಳೆ ಹಿಡಿದ ಮೇಲೆ ಗರಿಕೆಯ ಗೆಣ್ಣುಗಳನ್ನು ಗೇಣಿಗೊಂದರಂತೆ ನೆಡಿ. ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ. ಆರು ವಾರ ಯಾರನ್ನೂ ಒಳಗೆ ಬಿಡಬೇಡಿ, ಜಿಲ್ಲಾ ಮಟ್ಟದ ಟೂರ್ನಿ ಇದೆ ಅಂದರೂ ಬಿಡಬೇಡಿ.

ನಮಸ್ಕಾರ.